ಬ್ಯಾಟು ಹಿಡಿಯುವುದಕ್ಕೆ ಮುಂಚೆ

ನಮ್ಮ ಬಾಲಿಕಾ ಪಾಠಶಾಲೆಗಳಲ್ಲಿ ಆಟದ ಗಂಟೆಯೆಂಬುದು ಸಾಮಾನ್ಯವಾಗಿ ದಿನದ ಕಟ್ಟಕಡೆಗೆ ಬರುವಂಥಾದ್ದು. ಕಾಲವು 40 ನಿಮಿಷ, ಬಲೆ ಕಟ್ಟಿದ ಅಂಗಳವು ಒಂದು, ಹುಡುಗಿಯರು 40 ಮಂದಿ. ಗಂಟೆ ಬಾರಿಸಿದೊಡನೆ ಓಡಿಹೋಗಿ ಬ್ಯಾಟನ್ನು ಕೈಗೆ ತೆಗೆದುಕೊಂಡ ನಾಲ್ವರು ಷಟಲ್ ಆಡುವರು. ಉಳಿದವರು ಗೋಡೆಯ ನೆರಳಿನಲ್ಲಿ ಕುಳಿತು ಸರದಿ ಕಾಯುವರು. ಬೆಳಗಿನಿಂದ ಬೆಂಚಿನ ಮೇಲೆ ಮಡಿಚಿಟ್ಟಿದ್ದ ಮೊಣಕಾಲುಗಳು ಒಮ್ಮೆಲೇ ನೆಗೆಯಬೇಕು, ಲೇಖನಿಯಲ್ಲದೆ ಬೇರೇನನ್ನೂ ಎತ್ತದ ತೋಳು ಒಮ್ಮೆಲೇ ಬೀಸಬೇಕು. ಈ ಪದ್ಧತಿಯು ಬದಲಾಗತಕ್ಕದ್ದೆಂದೂ, ಆ 40 ನಿಮಿಷಗಳಲ್ಲಿ ಮೊದಲಿನ 15ನ್ನು ಮೈ ಕಾಯಿಸುವುದಕ್ಕೂ ಹೊಡೆತದ ಬೀಸನ್ನು ತಿದ್ದಿಕೊಳ್ಳುವುದಕ್ಕೂ ಮೀಸಲಿಡಬೇಕೆಂದೂ ನಮ್ಮ ದೃಢವಾದ ಅಭಿಪ್ರಾಯ.

ಇರುವ ಸ್ವಲ್ಪ ಕಾಲವನ್ನೂ ಹೀಗೆ ಕಳೆದರೆ ಮಕ್ಕಳು ಆಡುವುದು ಯಾವಾಗ ಎಂದು ಕೆಲವರು ಆಕ್ಷೇಪಿಸುವರು. ಅಂಗಳದಲ್ಲಿ ಒಂದು ಸಲಕ್ಕೆ ನಾಲ್ವರಿಗೆ ಮಾತ್ರ ಸ್ಥಳವುಂಟು. ಮೈ ಕಾಯಿಸುವುದಕ್ಕಾದರೋ 40 ಮಂದಿಗೂ ಏಕಕಾಲದಲ್ಲಿ ಸ್ಥಳವುಂಟು. ಅದಕ್ಕೆ ಬಲೆ ಬೇಡ, ಷಟಲ್ ಬೇಡ, ಕಾಸಿನ ಖರ್ಚಿಲ್ಲ. ಈಗ ವಾರಕ್ಕೊಮ್ಮೆ ಐದು ನಿಮಿಷ ಆಡಿ, ಮಿಕ್ಕ ಕಾಲವನ್ನು ಕುಳಿತೇ ಕಳೆಯುವ ಬಾಲಿಕೆಗೆ ಆ 15 ನಿಮಿಷಗಳು ನಷ್ಟವೋ ಲಾಭವೋ ಎಂಬುದನ್ನು ವಾಚಕರೇ ಎಣಿಸಿ ನೋಡಲಿ.

ಮೈ ಕಾಯಿಸುವುದೆಂದರೆ ಸಾಲಾಗಿ ನಿಂತು ಕಾಲ್ಬೆರಳನ್ನು ಮುಟ್ಟಿ ಹಾಗೆಯೇ ಬಗ್ಗಿಕೊಂಡಿರುವ ಹಳೆಯ ಡ್ರಿಲ್ ಅಲ್ಲ. ಸ್ನಾಯುವನ್ನು ಒಂದು ನಿಮಿಷಕ್ಕೂ ಮಿಕ್ಕಿ ಎಳೆದು ಹಿಡಿದರೆ ಅದರ ಬಲವು ಸ್ವಲ್ಪ ಹೊತ್ತು ಕುಗ್ಗುವುದೆಂದು ಈಗ ತಿಳಿದುಬಂದಿರುವುದರಿಂದ, ಅಂಥ ಎಳೆತವನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳುವುದೇ ಲೇಸು. ಮೊದಲು ಚುರುಕಾದ ನಡಿಗೆ, ಆಮೇಲೆ ಮೆಲ್ಲನೆ ಓಟ, ಪಕ್ಕಕ್ಕೆ ಸರಿಯುವ ಹೆಜ್ಜೆ, ಹಗ್ಗದಾಟ, ತೋಳುಗಳನ್ನು ಚಕ್ರದಂತೆ ತಿರುಗಿಸುವುದು. ಬಳಿಕ ಮುಂದಕ್ಕೆ ಉದ್ದ ಹೆಜ್ಜೆಯಿಟ್ಟು ಬಗ್ಗಿ ಏಳುವುದು, ಹಾರಿ ಇಳಿಯುವುದು. ಇಳಿಯುವಾಗ ಮೊಣಕಾಲು ಒಳಗಡೆಗೆ ವಾಲದೆ ಕಾಲ್ಬೆರಳುಗಳ ನೇರಕ್ಕೆ ಇರುವುದೋ ಎಂದು ಉಪಾಧ್ಯಾಯಿನಿಯರು ಕಣ್ಣಿಟ್ಟು ನೋಡಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಓಡುತ್ತ ಥಟ್ಟನೆ ನಿಲ್ಲುವ, ಹಾರಿ ಇಳಿಯುವ ಆಟಗಳಲ್ಲಿ ಮೊಣಕಾಲಿನೊಳಗಿನ ಕಟ್ಟು ಹರಿಯುವುದು ಗಂಡುಹುಡುಗರಿಗಿಂತ ಹೆಣ್ಣುಮಕ್ಕಳಲ್ಲಿಯೇ ಹೆಚ್ಚು. ನಾರ್ವೇ ದೇಶದಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ ಸುಮಾರು 1,900 ಬಾಲಿಕೆಯರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕ್ರಮವಾಗಿ ಮೈ ಕಾಯಿಸಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದುವೆಂದು ಕಂಡುಬಂದಿತು. ಮೈ ಕಾಯಿಸಿದವರಿಗೆ ಪೆಟ್ಟೇ ಆಗದೆಂದು ನಾವು ಹೇಳುವುದಿಲ್ಲ. ಸ್ಪೇನಿನ ಕರೋಲಿನಾ ಮರೀನ್ ಎಂಬಾಕೆಯಷ್ಟು ಶಿಸ್ತಿನ ಆಟಗಾರ್ತಿಯರು ವಿರಳ. ಆದರೂ 2019ರಲ್ಲಿ ಬಲ ಮೊಣಕಾಲು, 2021ರಲ್ಲಿ ಎಡ ಮೊಣಕಾಲು, 2024ರ ಪ್ಯಾರಿಸ್ ಒಲಿಂಪಿಕ್ಸಿನ ಉಪಾಂತ್ಯದಲ್ಲಿ ಗೆಲುವಿನತ್ತ ಸಾಗುತ್ತಿರುವಾಗಲೇ ಮತ್ತೆ ಬಲ ಮೊಣಕಾಲು, ಹೀಗೆ ಆಕೆ ಮೂರಾವರ್ತಿ ಕೆಳಗೆ ಬಿದ್ದಳು. ಅಷ್ಟು ಸಿದ್ಧವಾದ ದೇಹಕ್ಕೇ ಹೀಗಾದರೆ, ಬೆಂಚಿನಿಂದೆದ್ದು ನೇರವಾಗಿ ಬಲೆಯ ಬಳಿಗೆ ಓಡುವ ನಮ್ಮ ಮಕ್ಕಳ ಗತಿಯೇನು?

ಇನ್ನು ಬೀಸಿನ ಮಾತು. ನಮ್ಮ ಹುಡುಗಿಯರಲ್ಲಿ ಬಹುಮಂದಿ ಬ್ಯಾಟನ್ನು ದೋಸೆ ಮಗುಚುವ ಸಟ್ಟುಗದಂತೆ, ಅದರ ಅಗಲ ಮುಂದಾಗಿರುವ ಹಾಗೆ ಹಿಡಿಯುವರು. ಹಾಗೆ ಹಿಡಿದ ಕೈ ಬಲೆಯ ಸಮೀಪದಲ್ಲಿ ಹೇಗೋ ನಿಭಾಯಿಸೀತು. ಹಿಂದಿನ ಗೆರೆಯಿಂದ ಹೊಡೆಯಲಾರದು. ಕೈಕೊಡಲಿಯನ್ನು ಹಿಡಿಯುವಂತೆ ಅಂಚು ಮುಂದಾಗಿ, ಬೆರಳುಗಳು ಸಡಿಲವಾಗಿ ಹಿಡಿದು, ತಗಲುವ ಕ್ಷಣದಲ್ಲಿ ಮಾತ್ರ ಬಿಗಿಯಬೇಕು. ಷಟಲ್ಲಿನ ತೂಕವು ಐದು ಗ್ರಾಮಿನ ಆಸುಪಾಸು, ಬ್ಯಾಟು 100 ಗ್ರಾಮಿಗೂ ಕಡಿಮೆ. ಇಲ್ಲಿ ತೋಳ್ಬಲಕ್ಕಿಂತ ವೇಗವೇ ಮುಖ್ಯ. ಆ ವೇಗವು ಮಣಿಕಟ್ಟನ್ನು ಮಡಿಚುವುದರಿಂದ ಬರುವುದೆಂದು ಅನೇಕರು ಇಂದಿಗೂ ಉಪದೇಶಿಸುವುದುಂಟು. ಇದು ಸರಿಯಲ್ಲ. ನುರಿತ ಆಟಗಾರರ ಹೊಡೆತವನ್ನು ಚಲನಚಿತ್ರದಲ್ಲಿ ಹಿಡಿದು ನೋಡಿದವರು, ಅದು ಮೇಲ್ತೋಳೂ ಮುಂಗೈಯೂ ತಮ್ಮ ಅಚ್ಚಿನ ಮೇಲೆ ತಿರುಗುವುದರಿಂದ ಹುಟ್ಟುವುದೆಂದು ತೋರಿಸಿರುವರು. ಅಂಗೈಯು ಮೊದಲು ಕಿವಿಯ ಕಡೆಗೆ ನೋಡುತ್ತಿದ್ದು, ಹೊಡೆತ ಮುಗಿಯುವಾಗ ಹೊರಗಡೆಗೆ ಹೊರಳಿರಬೇಕು. ತಿರುವು ಮಾತ್ರವೂ ಸಾಲದು. ಎಡ ಭುಜ ಬಲೆಯ ಕಡೆಗಿರುವಂತೆ ಪಕ್ಕವಾಗಿ ನಿಂತು, ಎಡಗೈಯನ್ನು ಮೇಲೆತ್ತಿ, ಹಿಂಗಾಲಿನ ಒತ್ತಿನಿಂದ ಸೊಂಟ, ಸೊಂಟದಿಂದ ಭುಜ, ಭುಜದಿಂದ ಮೊಣಕೈ, ಹೀಗೆ ಒಂದರ ಬಲವು ಇನ್ನೊಂದಕ್ಕೆ ಸೇರುತ್ತ ಬರಬೇಕು. ಷಟಲ್ಲನ್ನು ತಲೆಯ ಹಿಂದೆ ಅಲ್ಲ, ಬಲ ಭುಜದ ಮುಂದೆ, ಕೈಗೆ ಎಟಕುವಷ್ಟು ಎತ್ತರದಲ್ಲಿ ಸಂಧಿಸಬೇಕು.

ಮೊಣಕಾಲಿನ ಸುರಕ್ಷಿತತೆಗೂ ಬೀಸಿಗೂ ಸಂಬಂಧವಿಲ್ಲದಿಲ್ಲ. ಸಕಾಲದಲ್ಲಿ ಹಿಂದಕ್ಕೆ ಹೋಗಿ ಪಕ್ಕಕ್ಕೆ ತಿರುಗದವಳು, ಎಡಹಿಂಬದಿಗೆ ಬಂದ ಷಟಲ್ಲಿಗಾಗಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಹೊಡೆದು, ಎಡಗಾಲೊಂದರ ಮೇಲೆಯೇ ಇಳಿಯುವಳು. ಬಲಗೈಯವರಲ್ಲಿ ಆ ಕಟ್ಟು ಹರಿಯುವುದು ಹೆಚ್ಚಾಗಿ ಈ ರೀತಿಯ ಇಳಿತದಲ್ಲಿಯೇ.

ಬ್ಯಾಟಿಲ್ಲದೆ ಇದನ್ನು ಕಲಿಸುವುದೆಂತು? ಕಲ್ಲೆಸೆಯುವುದರ ಮೂಲಕ ಎಂದರೆ ಕೆಲವರು ನಗಬಹುದು. ಮಾವಿನಕಾಯಿಗೆ ಕಲ್ಲೆಸೆಯುವ ಗಂಡುಹುಡುಗನು ತನಗರಿವಿಲ್ಲದೆಯೇ ಈ ಬೀಸನ್ನು ಏಳೆಂಟು ವರ್ಷಗಳ ಕಾಲ ಅಭ್ಯಾಸ ಮಾಡಿರುತ್ತಾನೆ. ಅವನ ತಂಗಿಗೆ, ಕೈಯನ್ನು ಹಾಗೆ ಮೇಲೆತ್ತಬೇಡ, ಕಾಲನ್ನು ಹಾಗೆ ಅಗಲಿಸಬೇಡ ಎಂದು ನಾವು ಕಲಿಸಿರುತ್ತೇವೆ. ಹೆಣ್ಣುಮಕ್ಕಳ ಹೊಡೆತವು ದುರ್ಬಲವೆಂದು ಆಮೇಲೆ ನಾವೇ ಹೇಳುತ್ತೇವೆ! ಹಳೆಯ ಟೆನಿಸ್ ಚೆಂಡುಗಳನ್ನು ಕೊಟ್ಟು ಗೋಡೆಗೆ ತಲೆಯ ಮೇಲಿಂದ ಎಸೆಯಿಸಿದರೆ ಸಾಕು. ಆಮೇಲೆ ಅದೇ ಚಲನೆಯನ್ನು ಬರಿಗೈಯಿಂದ, ಮೊದಲು ನಿಧಾನವಾಗಿ, ಬಳಿಕ ಬೇಗ ಬೇಗ ಮಾಡಿಸಬೇಕು.

ಈ ಆಟವು ಸ್ತ್ರೀಯರಿಗೆ ಸಲ್ಲದೆಂದು ಎಣಿಸುವ ಹಿರಿಯರಿದ್ದರೆ, 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾಟ ಆರಂಭವಾದಾಗಲೇ ಸ್ತ್ರೀಯರ ಜೋಡಿಯಾಟವೂ ಅದರಲ್ಲಿದ್ದಿತೆಂಬುದನ್ನು ಅವರು ಗಮನಿಸಬಹುದು. ಅದೇ ಪಂದ್ಯಾಟವನ್ನು 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ಗೆದ್ದರು. ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಈ ಆಟದ ಮೊದಲನೆಯ ಪದಕವನ್ನು 2012ರಲ್ಲಿ ತಂದವಳಾದರೋ ಸೈನಾ ನೆಹ್ವಾಲ್ ಎಂಬ ಹೆಣ್ಣುಮಗಳು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವು ಎರಡೇ. ಹತ್ತನೆಯ ತರಗತಿಗೆ ಬಂದೊಡನೆ ಆಟದ ಗಂಟೆಯನ್ನು ಗಣಿತಕ್ಕೆ ಬಿಟ್ಟುಕೊಡಿರೆಂದು ಶಾಲೆಯವರನ್ನು ಒತ್ತಾಯಿಸಬೇಡಿರಿ. ಬೆಳೆಯುವ ಮೊಣಕಾಲಿಗೆ ಶಿಕ್ಷಣ ಬೇಕಾದ ವಯಸ್ಸು ಅದೇ. ಮತ್ತು ಮನೆಯಲ್ಲಿ ಹುಡುಗಿಯು ಕನ್ನಡಿಯ ಮುಂದೆ ಕೈ ಬೀಸುತ್ತಿದ್ದರೆ ಗದರಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರು ತಾವು ಕಲಿತ ಶಾಲೆಗೆ ಬ್ಯಾಟುಗಳನ್ನು ದಾನಮಾಡುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಮುಂದಿನ ಸಲ, ಎರಡು ಬ್ಯಾಟುಗಳ ಬೆಲೆಯಲ್ಲಿ ಜಾರದ ರಬ್ಬರ್ ಅಡಿಯ ಬೂಟುಗಳು ಎಷ್ಟು ಜೊತೆ ಬರುವುವೆಂದು ಅಂಗಡಿಯಲ್ಲಿ ಒಮ್ಮೆ ವಿಚಾರಿಸಬೇಕಾಗಿ ಕೋರುತ್ತೇವೆ. ಬರಿಗಾಲಿನಲ್ಲಿ ಸಿಮೆಂಟಿನ ಮೇಲೆ ಹಾರುವ ಮಕ್ಕಳು ಇನ್ನೂ ಇದ್ದಾರೆ.