ಸಾಲು ಹೊಡೆದರೆ ತಂತಿ ಬೆಳೆಯುತ್ತೆ

ಫೈನಲ್ ಇಯರ್ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದು ಆರ್ಡುಯಿನೋ, ಒಂದು ಸೆನ್ಸಾರ್, ಒಂದು ಆ್ಯಪ್. ಇಲ್ಲಾಂದ್ರೆ ದುಡ್ಡು ಕೊಟ್ಟು ರೆಡಿಮೇಡ್. ನ್ಯಾನೋ ಅಂದರೆ ಕೋಟಿಗಟ್ಟಲೆ ಮಷೀನು ಬೇಕು, ಅದು ದೊಡ್ಡವರ ಆಟ ಅಂತ ಪಕ್ಕಕ್ಕಿಡುತ್ತೇವೆ. ಆ ಮಾತು ಅರ್ಧ ಮಾತ್ರ ನಿಜ ಅನ್ನೋದು ನಮ್ಮ ವಾದ.

ನಮ್ಮ ಗುಂಪಿನಲ್ಲಿ ಇಬ್ಬರು ಮಾಲೂರು ತಾಲ್ಲೂಕಿನ ಲಕ್ಕೂರಿನವರು. ಸ್ಫಟಿಕದ ಮೇಲೆ ಲೋಹದ ನ್ಯಾನೋತಂತಿ ಬೆಳೆಸುವ ವಿಷಯ ಸೆಮಿನಾರಿಗೆ ಸಿಕ್ಕಾಗ ತಲೆಬುಡ ಅರ್ಥವಾಗದೆ ಕೂತಿದ್ದೆವು. ಅರ್ಥ ಮಾಡಿಸಿದ್ದು ಅವರ ರಾಗಿ ಹೊಲ. ಸಾಲು ಹೊಡೆದ ಹೊಲಕ್ಕೆ ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತೆ? ಸಾಲಿನಲ್ಲಿ. ಲೋಹದ ಪರಮಾಣುವೂ ಹೆಚ್ಚುಕಮ್ಮಿ ಹಾಗೇ. ಸಮತಟ್ಟು ಜಾಗದಲ್ಲಿ ಅದನ್ನು ಹಿಡಿಯೋಕೆ ಕೆಳಗಿನ ಪರಮಾಣುಗಳು ಮಾತ್ರ, ಹಾಗಾಗಿ ಅಲೆದಾಡುತ್ತೆ. ಮೆಟ್ಟಿಲಿನ ಅಂಚು ಸಿಕ್ಕರೆ ಪಕ್ಕದಿಂದಲೂ ಹಿಡಿತ ಸಿಗುತ್ತೆ, ಅಲ್ಲೇ ನಿಲ್ಲುತ್ತೆ. ಹಿಂದೆ ಬಂದವೂ ಅಲ್ಲೇ ಸೇರಿಕೊಂಡರೆ ತಂತಿ. ಬಿಸಿ ಕಮ್ಮಿಯಾದರೆ ಪರಮಾಣುಗಳು ಬಿದ್ದಲ್ಲೇ ಅಂಟುತ್ತವೆ. ಜಾಸ್ತಿಯಾದರೆ, ನಲ್ಲಿಯ ಸಣ್ಣ ಧಾರೆ ಕೆಳಗೆ ಬರುತ್ತಾ ಹನಿಯಾಗುವ ಹಾಗೆ, ತಂತಿಯೂ ತುಂಡಾಗಿ ಹನಿಹನಿಯಾಗುತ್ತೆ. ಹದ ಹಿಡಿಯೋದೇ ಕಷ್ಟ.

ಸಾಲು ಹೊಡೆಯೋರು ಯಾರು? ಎಲೆಕ್ಟ್ರಾನ್ ಕಿರಣದಿಂದ ಕೆತ್ತಬಹುದು, ಅದು ದುಬಾರಿ. ಆದರೆ ಕೊಂಚ ಓರೆಯಾಗಿ ಕತ್ತರಿಸಿದ ನೀಲಮಣಿ ಸ್ಫಟಿಕವನ್ನು 1,000 ಡಿಗ್ರಿಯಷ್ಟು ಕಾಯಿಸಿದರೆ ಮೇಲ್ಮೈ ತಾನಾಗೇ ಮೆಟ್ಟಿಲಾಗುತ್ತೆ. ಮಾಲೂರಿನ ಹೆಂಚಿನ ಗೂಡುಗಳನ್ನು ನೋಡಿ ಬೆಳೆದವರಿಗೆ ಈ ಬಿಸಿ ಹೊಸದೇನಲ್ಲ. ಇನ್ನೊಂದು ಮುಖದಲ್ಲಿ ಕತ್ತರಿಸಿ 1,400 ಡಿಗ್ರಿವರೆಗೆ ಕಾಯಿಸಿದರೆ ಏಣು-ತಗ್ಗುಗಳ ಆಳವಾದ ಸಾಲುಗಳೇ ಏಳುತ್ತವೆ. ಆಮೇಲೆ ಲೋಹದ ಆವಿಯನ್ನು ಸಂಜೆ ಬಿಸಿಲಿನ ಹಾಗೆ ಓರೆಯಾಗಿ ಬಿಟ್ಟರೆ ಪ್ರತಿ ಏಣಿನ ಒಂದೇ ಮಗ್ಗುಲಿಗೆ ಬೆಳ್ಳಿ ಕೂರುತ್ತೆ, ಇನ್ನೊಂದು ನೆರಳಲ್ಲಿ ಉಳಿಯುತ್ತೆ. ಸಾಲುಸಾಲು ತಂತಿ ರೆಡಿ.

ಆವಿ ಬಿಡೋಕೆ ನಿರ್ವಾತದ ಯಂತ್ರ ಬೇಕು, ತಂತಿ ನೋಡೋಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಇವು ನಮ್ಮಲ್ಲಿಲ್ಲ, ಒಪ್ಪುತ್ತೇವೆ. ಆದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿವೆ. ಐಎನ್‌ಯುಪಿ ಅನ್ನೋ ಕೇಂದ್ರ ಸರ್ಕಾರದ ಕಾರ್ಯಕ್ರಮ ಇರೋದೇ ಹೊರಗಿನ ಕಾಲೇಜಿನವರಿಗೆ ಅಂಥ ಲ್ಯಾಬಿನ ಬಾಗಿಲು ತೆರೆಯೋಕೆ. ಅದೇ ಐಐಎಸ್‌ಸಿಯಲ್ಲಿ ಎನ್. ರವಿಶಂಕರ್ ಅವರ ತಂಡ ದ್ರಾವಣದಲ್ಲಿ 2 ನ್ಯಾನೋಮೀಟರ್ ದಪ್ಪದ ಚಿನ್ನದ ತಂತಿ ಬೆಳೆಸಿದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು ಅಂತ ಕೇಳುತ್ತಲೇ ಬೆಳೆದ ನಮ್ಮ ಲಕ್ಕೂರಿನ ಗೆಳೆಯರಿಗೆ ಇದನ್ನು ಓದಿ ಆದ ಖುಷಿಯೇ ಬೇರೆ.

ಅರ್ಜಿ ಹಾಕೋಕೆ ಗೈಡ್ ಸಹಿ ಬೇಕು. ಕೇಳಿದ್ದಕ್ಕೆ ನಮಗೆ ಸಿಕ್ಕ ಉತ್ತರ, "ಇದೆಲ್ಲಾ ಯಾಕ್ರಪ್ಪಾ, ಮಾರ್ಕ್ಸ್ ಬರೋದು ಮಾಡಿ." ಅತ್ತ ಮೆಟೀರಿಯಲ್ಸ್ ಲ್ಯಾಬಿನ ಮೂಲೆಯಲ್ಲಿ 1,200 ಡಿಗ್ರಿಯ ಕುಲುಮೆಯೊಂದು ಪ್ಲಾಸ್ಟಿಕ್ ಹೊದ್ದು ಕೂತಿದೆ. ಮೆಟ್ಟಿಲು ಮಾಡೋಕೆ ಅದು ಧಾರಾಳ ಸಾಕು. ನಾವು ಮತ್ತೆ ಕೇಳುತ್ತೇವೆ. ಜೊತೆಗೆ ಬರೋರು ಕ್ಲಬ್ಬಿನಲ್ಲಿ ಹೆಸರು ಕೊಡಿ. ಮೆಕ್ಯಾನಿಕಲ್‌ನವರಾದರೂ ಸರಿ, ಇ.ಸಿ.ಯವರಾದರೂ ಸರಿ.