ಕಡಲ ಹೂವಿಗೆ ಮದ್ದೊ, ನೀರೊ?

ಸತ್ತೂರವು ಹುಬ್ಬಳ್ಳಿ-ಧಾರವಾಡಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರು ಎತ್ತರದಲ್ಲಿದೆ. ಕಡಲನ್ನು ಕಾಣಬೇಕಾದವರು ಘಟ್ಟವನ್ನಿಳಿದು ಅಂಕೋಲೆಗೋ ಕಾರವಾರಕ್ಕೋ ಹೋಗಬೇಕು. ಆದರೂ ಈಗ ಇಂಥ ಊರಿನ ಮನೆಗಳಲ್ಲಿಯೂ ಗಾಜಿನ ತೊಟ್ಟಿಯೊಳಗೆ ಕಡಲು ಬಂದು ಕುಳಿತಿರುವುದುಂಟು. ಅಂಥದೊಂದು ತೊಟ್ಟಿಯನ್ನು ನೋಡಲು ನಾವು ಹೋಗಿದ್ದೆವು. ಅದರಲ್ಲಿದ್ದ ಕಡಲ ಹೂವು ಕಾಯಿಲೆ ಬಿದ್ದಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಸ್ಪರ್ಶಾಂಗಗಳು ಜೋತಿದ್ದವು, ಕಂದು ಬಣ್ಣವು ಬಿಳಿಚಿಕೊಂಡಿತ್ತು. ಅದನ್ನು ಸಾಕಿದ ಕಾಲೇಜು ವಿದ್ಯಾರ್ಥಿಯು ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಕೈಯಲ್ಲಿ ಹಿಡಿದು, “ಗುಳಿಗಿ ಅರದು ಹಾಕಲೇನ್ರಿ, ಸರ?” ಎಂದು ಕೇಳಿದನು. “ಮೊದಲ ನೀರು ನೋಡೂಣು, ತಮ್ಮಾ” ಎಂದೆವು.

ಕಡಲ ಹೂವು ಹೂವಲ್ಲ, ಪ್ರಾಣಿ. ಹವಳದ ಹತ್ತಿರದ ನೆಂಟ. ಅದಕ್ಕೆ ಮೂತ್ರಪಿಂಡವಿಲ್ಲ, ರಕ್ತವಿಲ್ಲ, ಕಿವಿರಿಲ್ಲ. ಸುತ್ತಲಿನ ನೀರೇ ಅದರ ಮೈಯೊಳಗಿನ ನೀರು. ಉಷ್ಣ ಸಮುದ್ರಗಳ ಹಲವು ಜಾತಿಗಳ ಅಂಗಾಂಶಗಳಲ್ಲಿ ಏಕಕೋಶದ ಪಾಚಿಗಳು ವಾಸಿಸುವುವು. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಒಡೆಯನಿಗೂ ಪಾಲು ಕೊಡುವುವು. ಕಂದು ಬಣ್ಣವು ಅವುಗಳದೇ. ಶಾಖ, ಉಪ್ಪು, ಬೆಳಕು ಇವುಗಳಲ್ಲಿ ಏರುಪೇರಾದಾಗ ಈ ನಂಟು ಮುರಿದು, ಪಾಚಿಗಳು ಹೊರಬಿದ್ದು, ಪ್ರಾಣಿಯು ಬಿಳಿಚುವುದು. ಆದುದರಿಂದ ಕಡಲ ಹೂವಿನ ಕಾಯಿಲೆಯು ಬಹುಮಟ್ಟಿಗೆ ನೀರಿನ ಕಾಯಿಲೆಯೇ ಎಂಬುದು ನಮ್ಮ ಮತ.

ಆ ತೊಟ್ಟಿಯ ವಿಷಯದಲ್ಲಿ ಇದು ನಿಜವಾಯಿತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದು. ಇಲ್ಲಿ 42 ಗ್ರಾಂ ಇತ್ತು. ಕಾರಣವು ಸರಳ. ಬೇಸಗೆಯಲ್ಲಿ ನೀರು ಆರಿದಷ್ಟನ್ನೂ ಹುಡುಗನು ಉಪ್ಪುನೀರಿನಿಂದಲೇ ತುಂಬಿಸುತ್ತಿದ್ದನು. ಆರುವುದು ನೀರು ಮಾತ್ರ, ಉಪ್ಪಲ್ಲ. 100 ಲೀಟರಿನ ತೊಟ್ಟಿಯಲ್ಲಿ 3.5 ಕಿಲೋಗ್ರಾಂ ಉಪ್ಪಿದೆಯೆನ್ನೋಣ. 10 ಲೀಟರು ಆರಿದಾಗ ಅಷ್ಟೇ ಉಪ್ಪುನೀರನ್ನು ಸುರಿದರೆ ಉಪ್ಪು 3.85 ಕಿಲೋಗ್ರಾಂ ಆಗುವುದು. ಎರಡನೆಯ ಸಲಕ್ಕೆ 4.2. ಪ್ರೌಢಶಾಲೆಯ ಗಣಿತವೇ ರೋಗವನ್ನು ಗುರುತಿಸಿತು!

ಉಪಾಯವೂ ಅಷ್ಟೇ ಸರಳ: ಉಪ್ಪನ್ನು ಒಮ್ಮೆಗೇ ಇಳಿಸದೆ, ಕ್ಲೋರಿನ್ನು ಇಲ್ಲದ ಶುದ್ಧವಾದ ಸಿಹಿನೀರನ್ನು ಹಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುವುದು, ಶಾಖವನ್ನು 25-26 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಲ್ಲಿಸುವುದು, ಅಮೋನಿಯವು ಸೊನ್ನೆಯಿದೆಯೇ ಎಂದು ಪರೀಕ್ಷಿಸುವುದು, ಬಾಯಿ ಮುಚ್ಚುವ ತನಕ ಆಹಾರವನ್ನು ತುರುಕದಿರುವುದು. ಮೀನಿನ ರೋಗಕ್ಕೆಂದು ಮಾರುವ ತಾಮ್ರದ ಔಷಧವನ್ನಂತೂ ಹತ್ತಿರ ತರಬಾರದು. ಅಕಶೇರುಕಗಳಿಗೆ ಅದು ವಿಷ. ಹತ್ತು ದಿನಗಳಲ್ಲಿ ಪ್ರಾಣಿಯು ಕಲ್ಲನ್ನು ಮತ್ತೆ ಹಿಡಿದು ಬಾಯಿ ಮುಚ್ಚಿತು. ಬಣ್ಣವು ಮರಳಲು ತಿಂಗಳುಗಳೇ ಬೇಕು.

ಸೂಕ್ಷ್ಮಜೀವಿಗಳಿಂದ ಕಡಲ ಹೂವಿಗೆ ರೋಗ ಬಾರದೆಂದು ನಾವು ಹೇಳೆವು. ಬೇರೆ ಪಾತ್ರೆಯಲ್ಲಿರಿಸಿ ಈ ಮಾತ್ರೆಯಿಂದಲೇ ಬದುಕಿಸಿದೆವೆನ್ನುವ ಹವ್ಯಾಸಿಗಳೂ ಇದ್ದಾರೆ. ಆದರೆ ತೊಟ್ಟಿಗೇ ಸುರಿದ ಮದ್ದು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳಿಗೂ ಕೇಡು ಮಾಡಬಹುದು. ಮಿಕ್ಕದ್ದು ಚರಂಡಿಗೆ ಹರಿದು, ಅಲ್ಲಿನ ಬ್ಯಾಕ್ಟೀರಿಯಗಳಿಗೆ ಮದ್ದನ್ನು ಮೀರುವ ವಿದ್ಯೆಯನ್ನು ಕಲಿಸುವುದು. ಪೆನಿಸಿಲಿನ್ನಿನ ಅರೆಬರೆ ಬಳಕೆಯಿಂದ ಇಂಥ ಅಪಾಯವುಂಟೆಂದು ಅಲೆಕ್ಸಾಂಡರ್ ಫ್ಲೆಮಿಂಗರು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಸತ್ತೂರಿನಲ್ಲಿಯೇ ದೊಡ್ಡ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗಳಿವೆ. ಅಲ್ಲಿಗೆ ಬರುವ ರೋಗಿಯ ಪ್ರಾಣವನ್ನು ಉಳಿಸಬೇಕಾದ ಮದ್ದನ್ನು, ವೈದ್ಯರ ಚೀಟಿಯಿಲ್ಲದೆ ತಂದು, ಊಹೆಯಿಂದ ತೊಟ್ಟಿಗೆ ಹಾಕುವುದು ನ್ಯಾಯವೇ?

ಸ್ಕಾಟ್ಲೆಂಡಿನ ಸರ್ ಜಾನ್ ಡೇಲಿಯಲ್ 1828ರಲ್ಲಿ ಕಡಲ ದಂಡೆಯಿಂದ ಒಂದು ಕಡಲ ಹೂವನ್ನು ತಂದನು. ಅವನು 1851ರಲ್ಲಿ ತೀರಿಕೊಂಡ ಮೇಲೂ ಅದು ಕೈಯಿಂದ ಕೈಗೆ ಸಾಗಿ, ‘ಅಜ್ಜಿ’ ಎಂದು ಹೆಸರಾಗಿ, 1887ರವರೆಗೆ ಬದುಕಿತು. ಆಗ ಪ್ರತಿಜೀವಕಗಳಿರಲಿಲ್ಲ, ವಿದ್ಯುತ್ ಯಂತ್ರಗಳೂ ಇರಲಿಲ್ಲ; ಇದ್ದುದು ಒಂದು ಗಾಜಿನ ಜಾಡಿ, ಹೊಸ ಕಡಲ ನೀರು, ತಪ್ಪದ ಆರೈಕೆ. ತಣ್ಣನೆಯ ಕಡಲಿನ ಆ ಜಾತಿಯನ್ನು ಸಾಕುವುದು ಸುಲಭವೆಂಬುದು ದಿಟ. ಆದರೆ ಕಡಲ ಹೂವನ್ನು ಕೊಳ್ಳುವವನು ತನ್ನ ಆಯುಷ್ಯವನ್ನೂ ಮೀರಬಲ್ಲ ಜೀವವೊಂದರ ಹೊಣೆಯನ್ನು ಹೊರುವನೆಂಬುದನ್ನು ಅದು ತೋರಿಸಿತು.

ಆ ಹೊಣೆಯನ್ನು ಹೊರಲಾರದ ವಿದ್ಯಾರ್ಥಿಗಳು ಕೊಳ್ಳದಿರುವುದೇ ಲೇಸು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿದೆ. ಅಲ್ಲಿಯ ಬಂಡೆಗಳ ನಡುವೆ, ಇಳಿತದ ಹೊತ್ತಿನಲ್ಲಿ, ಕಡಲ ಹೂಗಳನ್ನು ಅವುಗಳ ಮನೆಯಲ್ಲಿಯೇ ನೋಡಬಹುದು. ಕೊಂಡವರು ಮಾತ್ರ ಇದೊಂದನ್ನು ನೆನಪಿಡಲಿ: ಅಳೆಯುವುದು ಮೊದಲು, ಸುರಿಯುವುದು ಆಮೇಲೆ.