ಬಣ್ಣ ನೋಡಿ ಪ್ಯಾಡ್ ತಗೋಬೇಡಿ

ಕಾರ್ ಪಾಲಿಶ್ ವಿಷಯ ಬಂದ್ರೆ ನಮ್ಮ ಜನ ಮೊದಲು ಕೇಳೋದು "ಯಾವ ಮಷೀನು?" ಅಂತ. ಆಮೇಲೆ "ಯಾವ ಪಾಲಿಶ್?". ಪ್ಯಾಡ್ ಯಾವುದು ಅಂತ ಕೇಳಿದವರನ್ನ ನಾನು ನೋಡಿರೋದು ಇಬ್ಬರನ್ನೋ ಮೂವರನ್ನೋ ಅಷ್ಟೆ. ಮಷೀನಿಗೆ ಸಾವಿರಗಟ್ಟಲೆ ಸುರಿದು, ಅದರ ಡಬ್ಬದಲ್ಲಿ ಪುಕ್ಕಟೆ ಬಂದ ಸ್ಪಂಜನ್ನೇ ಸಿಕ್ಕಿಸಿಕೊಂಡು ಉಜ್ಜೋರು ಬೇಕಾದಷ್ಟು ಜನ ಇದಾರೆ. ನನ್ನ ಪ್ರಕಾರ ಇದು ಉಲ್ಟಾ ಲೆಕ್ಕ. ಪೇಂಟಿಗೆ ತಾಗೋದು ಮಷೀನ್ ಅಲ್ಲ ಸ್ವಾಮಿ, ಪ್ಯಾಡು!

ಒಂದು ಸ್ಪಂಜಿಗೆ ಇಷ್ಟೆಲ್ಲ ತಲೆ ಕೆಡಿಸ್ಕೋಬೇಕಾ ಅಂತೀರಾ? ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ. ಹೊಳಪೆಲ್ಲ ಅದರದ್ದೇ, ಒಳಗಿನ ಬಣ್ಣವನ್ನ ಬಿಸಿಲಿನಿಂದ ಕಾಯೋದೂ ಅದೇ. ಅದರ ದಪ್ಪ ಸಾಮಾನ್ಯವಾಗಿ ೪೦-೫೦ ಮೈಕ್ರಾನ್ ಆಸುಪಾಸು. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ಅಂತಿಟ್ಕೊಳ್ಳಿ, ಅದಕ್ಕಿಂತ ತೆಳು. ಪಾಲಿಶ್ ಅಂದ್ರೆ ಗೀರು ತುಂಬೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನ ಸವೆಸಿ ಗೀರಿನ ತಳದ ಮಟ್ಟಕ್ಕೆ ತರೋದು. ಸವೆದದ್ದು ವಾಪಸ್ ಬರಲ್ಲ. ಅದು ಮುಗಿದ ದಿನ ಪೇಂಟ್ ಹೊಡೆಸೋದು ಬಿಟ್ಟು ಬೇರೆ ದಾರಿ ಇಲ್ಲ.

ಈಗ ಅಂಗಡಿಗೆ ಹೋಗಿ. ಜೆ.ಸಿ. ರಸ್ತೆಯಲ್ಲೋ ಆನ್‌ಲೈನಲ್ಲೋ, ಕಿತ್ತಳೆ, ಹಳದಿ, ನೀಲಿ, ಕಪ್ಪು, ಬಿಳಿ... ಮಕ್ಕಳ ಆಟದ ಸಾಮಾನು ಥರ ಜೋಡಿಸಿರ್ತಾರೆ. "ಹಳದಿ ಒರಟು, ಕಪ್ಪು ನಯ" ಅಂತ ಯಾರೋ ಹೇಳಿರ್ತಾರೆ. ನಂಬಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ನಿಯಮ ಅನ್ನೋದೇ ಇಲ್ಲ. ಇಟಲಿಯ ರೂಪೆಸ್ ಕಂಪನಿಯಲ್ಲಿ ನೀಲಿ ಅಂದ್ರೆ ಅತಿ ಒರಟು ಫೋಮ್. ೩ಎಂ ಕಂಪನಿಯಲ್ಲಿ ನೀಲಿ ಅಂದ್ರೆ ಅತಿ ನಯವಾದ, ಕಟ್ಟಕಡೆಗೆ ಹಾಕೋ ಫೋಮ್. ಒಂದನ್ನ ನೋಡಿ ಕಲಿತವನು ಇನ್ನೊಂದನ್ನ ತಂದು ಬಾನೆಟ್ ಮೇಲಿಟ್ರೆ ಏನಾಗಬಹುದು ಯೋಚಿಸಿ. ಹೆಸರಿಲ್ಲದ ಚೀಲದಲ್ಲಿ ಐದು ಬಣ್ಣಕ್ಕೆ ಐದು ಪ್ಯಾಡ್ ಸಿಗುತ್ತಲ್ಲ, ಅದರಲ್ಲಂತೂ ಬಣ್ಣ ಬೇರೆ, ಸ್ಪಂಜು ಒಂದೇ ಇದ್ರೂ ಆಶ್ಚರ್ಯ ಇಲ್ಲ.

ನೋಡಬೇಕಾದ್ದು ಬಿಗಿ. ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿ ಫೋಮ್ ಪಾಲಿಶ್‌ನಲ್ಲಿರೋ ಸಣ್ಣ ಕಣಗಳನ್ನ ಪೇಂಟಿಗೆ ಒತ್ತಿ ಹಿಡಿಯುತ್ತೆ, ಅದರ ಮೈಯೂ ಒಂಚೂರು ಕೆರೆಯುತ್ತೆ. ಮೆತ್ತನೇದು ಬಗ್ಗಿಕೊಡುತ್ತೆ, ಹಾಗಾಗಿ ಕೆರೆತ ಕಮ್ಮಿ, ಹೊಳಪು ಜಾಸ್ತಿ. ಸ್ಪಂಜಿನ ತೂತು ದೊಡ್ಡದಿದ್ರೆ ಒರಟು ಅನ್ನೋದೂ ಪೂರ್ತಿ ನಿಜ ಅಲ್ಲ, ತೂತು ದೊಡ್ಡದಿದ್ದೂ ಮೆತ್ತಗಿರೋ ಫೋಮ್ ಇದೆ. ಕಂಪನಿಯವರೇ ಪ್ಯಾಡ್ ಹಿಂದೆ ಯಾವ ಕೆಲಸಕ್ಕೆ ಅಂತ ಬರೆದಿದ್ರೆ ಅದನ್ನ ಓದಿ, ಸಾಕು.

ಇನ್ನು ಅಳತೆ. ಡ್ಯುಯಲ್ ಆ್ಯಕ್ಷನ್ ಮಷೀನ್ ಪ್ಯಾಡನ್ನ ತಿರುಗಿಸ್ತಾನೇ ಅಲುಗಾಡಿಸುತ್ತೆ. ಆ ಅಲುಗಾಟ ಪೇಂಟಿಗೆ ತಲುಪಬೇಕು ಅಂದ್ರೆ ಪ್ಯಾಡ್ ತೆಳ್ಳಗಿರಬೇಕು. ತಲೆದಿಂಬಿನಂಥಾ ದಪ್ಪ ಪ್ಯಾಡ್ ಹಾಕಿದ್ರೆ ಅಲುಗಾಟವೆಲ್ಲ ಫೋಮ್ ಒಳಗೇ ಇಂಗಿ ಹೋಗುತ್ತೆ. ಹಿಂದಿನ ಪ್ಲೇಟಿಗಿಂತ ಪ್ಯಾಡ್ ಸುತ್ತಲೂ ಚೂರು ದೊಡ್ಡದಿರಲಿ, ಇಲ್ಲಾಂದ್ರೆ ಪ್ಲೇಟಿನ ಅಂಚು ಎಲ್ಲಾದ್ರೂ ತಾಗಿ ಕೆಲಸ ಕೆಡುತ್ತೆ. ಆ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಸುತ್ತುತ್ತಾ ಇದ್ರೆ ಪ್ಯಾಡ್ ತಿರುಗ್ತಿದೆ, ನಿಂತು ಬರೀ ನಡುಗ್ತಿದ್ರೆ ನೀವು ಜಾಸ್ತಿ ಅದುಮ್ತಿದೀರಿ ಅಂತರ್ಥ.

ನಮ್ಮ ಭಾವನ ಕಪ್ಪು ಕಾರಿನ ಕಥೆ ಕೇಳಿ. ಏಳು ವರ್ಷ ಬೈಕಲ್ಲೇ ಓಡಾಡಿ, ದುಡ್ಡು ಕೂಡಿಟ್ಟು ತಗೊಂಡ ಮೊದಲ ಕಾರು. ಒಂದು ಸರ್ವಿಸ್ ಸೆಂಟರ್‌ನವರು (ಹೆಸರು ಬೇಡ ಬಿಡಿ) ಪೇಂಟ್ ಟ್ರೀಟ್‌ಮೆಂಟ್ ಅಂತ ಬಿಲ್ ಹಾಕಿ ಕೊಟ್ರು. ತಂದ ದಿನ ಕನ್ನಡಿ ಥರ ಇತ್ತು. ನಾಲ್ಕು ಸಲ ತೊಳೆದ ಮೇಲೆ ಭಾವ ಫೋನ್ ಮಾಡಿ, "ಏನಯ್ಯಾ ಇದು, ಬಿಸಿಲಿಗೆ ನಿಲ್ಲಿಸಿದ್ರೆ ಕಾರಿನ ತುಂಬಾ ಜೇಡ ಬಲೆ ಕಟ್ಟಿದಂಗೆ ಕಾಣುತ್ತೆ!" ಅಂದ್ರು. ಆಗಿದ್ದಿಷ್ಟು: ಒಂದೇ ಕಡೆ ತಿರುಗೋ ರೋಟರಿ ಮಷೀನಿಗೆ ಉಣ್ಣೆ ಪ್ಯಾಡ್ ಹಾಕಿ ಒರಟು ಕಾಂಪೌಂಡಲ್ಲಿ ಉಜ್ಜಿದಾರೆ, ಅದಾದ ಮೇಲೆ ಫೋಮ್ ಹಾಕಿ ನಯ ಮಾಡೋ ಕೆಲಸ ಬಿಟ್ಟಿದಾರೆ, ಉಳಿದ ಗೆರೆಗಳ ಮೇಲೆ ಎಣ್ಣೆಯಂಥ ಗ್ಲೇಜ್ ಬಳಿದು ಕಳಿಸಿದಾರೆ. ಶಾಂಪೂಗೆ ಗ್ಲೇಜ್ ಹೋಯ್ತು, ಗೆರೆ ಈಚೆ ಬಂತು. ರೋಟರಿ, ಉಣ್ಣೆ ಎರಡೂ ಕೆಟ್ಟವಲ್ಲ, ಕೈ ಪಳಗಿದವರಿಗೆ ಒಳ್ಳೆ ಆಯುಧ. ಆದ್ರೆ ಅದು ಮೊದಲ ಹೆಜ್ಜೆ, ಅಲ್ಲಿಗೇ ನಿಲ್ಲಿಸಿ ದುಡ್ಡು ತಗೊಳ್ಳೋದು ಮೋಸ. ಎರಡು ಭಾನುವಾರ ನಾನೂ ಭಾವನೂ ಕೂತು, ಮಧ್ಯಮ ಫೋಮ್ ಮತ್ತು ನಯವಾದ ಪಾಲಿಶ್‌ನಲ್ಲಿ ಸರಿ ಮಾಡಿದ್ವಿ. ಸರಿಯಾಯ್ತು ನಿಜ, ಆದ್ರೆ ಆ ಪದರ ಎರಡು ಸಲ ಸವೆದಂಗಾಯ್ತಲ್ಲ, ಅದರ ಬಿಲ್ ಯಾರು ಕೊಡ್ತಾರೆ?

ಎಲ್ಲಿಂದ ಶುರು ಮಾಡೋದು ಅಂದ್ರೆ, ಮೆತ್ತನೆ ಪ್ಯಾಡಿಂದ. ಬಾನೆಟ್ಟಿನಲ್ಲಿ ಒಂದಡಿ ಜಾಗಕ್ಕೆ ಟೇಪ್ ಅಂಟಿಸಿ ಉಜ್ಜಿ ನೋಡಿ. ಗೆರೆ ಹೋದ್ರೆ ಮುಗೀತು. ಹೋಗದಿದ್ರೆ ಪಾಲಿಶ್ ಹಾಗೇ ಇಟ್ಟು ಪ್ಯಾಡ್ ಮಾತ್ರ ಒಂದು ದರ್ಜೆ ಗಟ್ಟಿ ಮಾಡಿ. ಫಲಿತಾಂಶ ನೋಡೋ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿ, ಪಾಲಿಶ್‌ನ ಎಣ್ಣೆ ಹೋಗಿ ನಿಜ ಕಾಣುತ್ತೆ. ಎಲ್ಲ ಗೀರನ್ನೂ ಅಳಿಸ್ತೀನಿ ಅನ್ನೋ ಹಠ ಬೇಡ. ಉಗುರಿಗೆ ಸಿಗೋ ಗೀರನ್ನ ಹಾಗೇ ಬಿಟ್ಬಿಡಿ.

ದುಡ್ಡು ಎಲ್ಲಿ ಹಾಕಬೇಕು ಅಂತ ನನ್ನನ್ನ ಕೇಳಿದ್ರೆ, ಸಂಖ್ಯೆಗೆ ಅಂತೀನಿ. ಇಡೀ ಕಾರಿಗೆ ಒಂದೇ ಪ್ಯಾಡ್ ಸಾಲಲ್ಲ. ಒಂದು ದರ್ಜೆಯಲ್ಲಿ ಕನಿಷ್ಠ ನಾಲ್ಕಾದ್ರೂ ಬೇಕು. ಕಿತ್ತು ಬಂದ ಕ್ಲಿಯರ್ ಕೋಟಿನ ಪುಡಿ, ಹಳೇ ಪಾಲಿಶ್ ಎಲ್ಲ ಫೋಮ್ ಒಳಗೆ ತುಂಬಿ ಕೆಸರಾಗುತ್ತೆ, ಬಿಸಿಗೆ ನಡುಭಾಗ ಕುಸಿಯುತ್ತೆ, ಹಿಂದಿನ ವೆಲ್ಕ್ರೋ ಬಿಟ್ಕೊಳ್ಳುತ್ತೆ. ಒಂದೊಂದು ಬಾಗಿಲು ಮುಗಿದಾಗಲೂ ನೈಲಾನ್ ಬ್ರಷ್‌ನಲ್ಲಿ ಕೆರೆದು ಪುಡಿ ತೆಗೀರಿ. ಸಾಯಂಕಾಲ ಪಾಲಿಶ್ ಒಣಗೋ ಮುಂಚೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಹಿಚುಕಿ ತೊಳೆದು, ನೆರಳಲ್ಲಿ ಒಣಗಿಸಿ. ಬಟ್ಟೆ ಥರ ಹಿಂಡಬೇಡಿ, ಅಂಟು ಬಿಡುತ್ತೆ. ನೆಲಕ್ಕೆ ಬಿದ್ದ ಪ್ಯಾಡನ್ನ ಮಾತ್ರ ತೊಳೆದೂ ನಾನು ಪೇಂಟಿಗೆ ಮುಟ್ಟಿಸಲ್ಲ. ಒಂದು ಮರಳಿನ ಕಣ ಸಾಕು. (ನಮ್ಮನೇಲಿ ಅವೆಲ್ಲ ಈಗ ಸ್ಕೂಟರ್ ಒರೆಸೋಕೆ.)

ಇಷ್ಟೆಲ್ಲ ನಿಮಗೆ ಪುರುಸೊತ್ತಿಲ್ಲ ಅಂದ್ರೆ ಹೊರಗೇ ಕೊಡಿ, ತಪ್ಪೇನಿಲ್ಲ. ಆದ್ರೆ ಕೊಡೋ ಮುಂಚೆ "ಪ್ಯಾಡ್ ತೋರಿಸಪ್ಪಾ" ಅಂತ ಕೇಳಿ. ವಾಟರ್ ವಾಷ್ ಹುಡುಗರನ್ನ ಬೈಯಬೇಡಿ, ಓನರ್ ಒಂದೇ ಪ್ಯಾಡ್ ಕೊಟ್ಟು ಹತ್ತು ಕಾರು ಉಜ್ಜು ಅಂದ್ರೆ ಅವರಾದ್ರೂ ಏನು ಮಾಡ್ತಾರೆ. ಹಿಂದಿನ ಕಾರಿನ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿರೋ ಗಟ್ಟಿ ಸ್ಪಂಜನ್ನ ತೋರಿಸಿದ್ರೆ, "ಇವತ್ತು ತೊಳೆದಿಟ್ರೆ ಸಾಕು" ಅಂತ ಹೇಳಿ, ದುಡ್ಡು ಕೊಟ್ಟು ಕಾರು ತಗೊಂಡು ಬನ್ನಿ.